ಮೋರ್ಸ್ ಸದ್ದಡಗಿದ ಮೇಲೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪುಟದಲ್ಲಿ ಒಬ್ಬ ಹೆಣ್ಣುಮಗಳ ಪತ್ರ ಓದಿದೆ. ಹನ್ನೊಂದು ವರ್ಷ ಅನುವಾದವನ್ನೇ ನಂಬಿ ಬದುಕಿದವರು. ಈಗ ಯಂತ್ರವೇ ಅನುವಾದ ಮಾಡುತ್ತದೆ, ಅದು ಮಾಡಿದ್ದನ್ನು ತಿದ್ದಿಕೊಡುವ ಕೆಲಸವಷ್ಟೇ ಉಳಿದಿದೆ, ಅದೂ ತಿಂಗಳಿಂದ ತಿಂಗಳಿಗೆ ಕರಗುತ್ತಿದೆ ಎಂದು ಬರೆದಿದ್ದರು. ಪತ್ರದ ಕೊನೆಯ ಸಾಲು ಎರಡು ದಿನ ನನ್ನನ್ನು ಬಿಡಲಿಲ್ಲ: ‘ನಾನು ಕಲಿತದ್ದೇ ತಪ್ಪಾಯಿತೇ?’ ಅದರ ಕೆಳಗೆ ವೃತ್ತಿ ಸಲಹೆಗಾರರೊಬ್ಬರ ಉತ್ತರವಿತ್ತು. ಬದಲಾವಣೆಯನ್ನು ಅಪ್ಪಿಕೊಳ್ಳಿ, ಹೊಸ ಕೌಶಲ ಬೆಳೆಸಿಕೊಳ್ಳಿ, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ ಎಂದಿತ್ತು. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬೇಕು. ಆದರೆ ಬಾಗಿಲು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿರುವವರಿಗೆ ಆ ಮಾತು ಎಷ್ಟು ದೂರದಿಂದ ಕೇಳಿಸುತ್ತದೆ ಎಂಬುದನ್ನು ನಾನು ಬಲ್ಲೆ. ನನ್ನ ವೃತ್ತಿಯೂ ನನ್ನ ಕಣ್ಣೆದುರೇ ಇಲ್ಲವಾಯಿತು. ಆ ಅನುವಾದಕಿಗೆ ಹೇಳಬೇಕಾದದ್ದು ನನ್ನಲ್ಲಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ದೀರ್ಘವಾಯಿತೆಂದು ಕತ್ತರಿಸುವುದಾದರೆ ನನ್ನ ಕಥೆಯನ್ನು ಕತ್ತರಿಸಿ, ಕೊನೆಯಲ್ಲಿ ಅವರಿಗೆಂದು ಬರೆದ ಮಾತುಗಳನ್ನು ಉಳಿಸಿಕೊಳ್ಳಿ.

ನಾನು ಸರಕು ಹಡಗುಗಳಲ್ಲಿ ರೇಡಿಯೊ ಅಧಿಕಾರಿಯಾಗಿದ್ದವನು. ಇಂದಿನ ಅನೇಕರಿಗೆ ಆ ಹುದ್ದೆಯ ಹೆಸರೇ ಹೊಸದು. ಚುಕ್ಕಾಣಿ ಕೋಣೆಯ ಹಿಂದೆ ಒಂದು ಪುಟ್ಟ ಕೊಠಡಿ. ಅದರಲ್ಲಿ ನೆಲಕ್ಕೆ ಬಿಗಿದ ಮೇಜು, ಸಂಕೇತ ಕಳಿಸಲು ಒತ್ತುವ ಹಿತ್ತಾಳೆಯ ಕೀ, ರಿಸೀವರ್, ಹೆಡ್‌ಫೋನ್. ದಿನಕ್ಕೆ ಎಂಟು ಗಂಟೆ ಅಲ್ಲಿ ಕುಳಿತು ಮೋರ್ಸ್ ಸಂಕೇತದಲ್ಲಿ, ಅಂದರೆ ಚುಕ್ಕೆ ಗೆರೆಗಳ ಸದ್ದಿನಲ್ಲಿ, ಬಂದದ್ದನ್ನು ಬರೆದುಕೊಳ್ಳುವುದು, ಕಳಿಸಬೇಕಾದದ್ದನ್ನು ಕಳಿಸುವುದು, ಹವಾಮಾನದ ಮುನ್ಸೂಚನೆಯನ್ನು ಹಿಡಿದು ಕ್ಯಾಪ್ಟನ್‌ಗೆ ತಲುಪಿಸುವುದು. ಹಡಗಿನಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರಿಗೂ ನಾವು ‘ಸ್ಪಾರ್ಕ್ಸ್’.

ಎರಡನೇ ದರ್ಜೆಯ ಪ್ರಮಾಣಪತ್ರಕ್ಕೆ ನಿಮಿಷಕ್ಕೆ 20 ಪದಗಳ ವೇಗ ಬೇಕಿತ್ತು, ಮೊದಲ ದರ್ಜೆಗೆ 25. ಆ ವೇಗದಲ್ಲಿ ಚುಕ್ಕೆ ಯಾವುದು, ಗೆರೆ ಯಾವುದು ಎಂದು ಯಾರೂ ಎಣಿಸುವುದಿಲ್ಲ. ಇಡೀ ಪದ ಒಂದು ಸದ್ದಿನ ಆಕಾರವಾಗಿ ಬಂದು ಬೀಳುತ್ತದೆ, ಕೈ ತಾನಾಗಿ ಬರೆಯುತ್ತದೆ. ಕೆಲವು ವರ್ಷ ಕಳೆದರೆ ಇನ್ನೊಂದು ಶಕ್ತಿಯೂ ಬರುತ್ತದೆ: ಕೀ ಒತ್ತುತ್ತಿರುವವನು ಯಾರೆಂದು ಅವನ ಲಯದಿಂದಲೇ ತಿಳಿಯುತ್ತದೆ. ನಾವು ಅದಕ್ಕೆ ‘ಅವನ ಕೈ’ ಎನ್ನುತ್ತಿದ್ದೆವು. ಮುಖವನ್ನೇ ನೋಡದ ಎಷ್ಟೋ ಜನರ ಕೈಗಳನ್ನು ನಾನು ಗುರುತಿಸುತ್ತಿದ್ದೆ. ಅವರಲ್ಲಿ ಒಬ್ಬ ಗೆರೆಯನ್ನು ತುಸು ಎಳೆಯುತ್ತಿದ್ದ, ಮಾತಿನ ಕೊನೆಯಲ್ಲಿ ರಾಗ ತೆಗೆಯುವವರಂತೆ. ಇಂದಿಗೂ ಅವನ ಹೆಸರು ನನಗೆ ಗೊತ್ತಿಲ್ಲ.

ಆ ಕೋಣೆಯ ಗಡಿಯಾರದ ಬಗ್ಗೆ ಹೇಳಲೇಬೇಕು. ಅದರ ಮುಖದ ಮೇಲೆ ಕೆಂಪು ಬಣ್ಣದ ಎರಡು ತುಂಡುಗಳಿದ್ದವು, 15ರಿಂದ 18ನೇ ನಿಮಿಷದವರೆಗೆ ಒಂದು, 45ರಿಂದ 48ರವರೆಗೆ ಇನ್ನೊಂದು. ಮುಳ್ಳು ಕೆಂಪಿನೊಳಗೆ ಬಂತೆಂದರೆ 500 ಕಿಲೊಹರ್ಟ್ಸ್ ತರಂಗದಲ್ಲಿ ಜಗತ್ತಿನ ಎಲ್ಲ ಹಡಗುಗಳೂ ಎಲ್ಲ ಕರಾವಳಿ ಕೇಂದ್ರಗಳೂ ಕೀಯಿಂದ ಕೈ ತೆಗೆಯಬೇಕು. ಮೂರು ನಿಮಿಷ ಬರೀ ಕೇಳುವುದು. ಕ್ಷೀಣ ಬ್ಯಾಟರಿಯಿಂದ ಯಾರಾದರೂ ಸಹಾಯ ಬೇಡುತ್ತಿದ್ದರೆ ಆ ಸದ್ದು ಉಳಿದವರ ಗದ್ದಲದಲ್ಲಿ ಮುಳುಗಬಾರದು ಎಂಬ ನಿಯಮ. ಗಂಟೆಗೆ ಎರಡು ಬಾರಿ ಇಡೀ ಸಮುದ್ರ ಉಸಿರು ಬಿಗಿಹಿಡಿದು ಕಿವಿಗೊಡುತ್ತಿತ್ತು. ಮೂರು ನಿಮಿಷ ಮುಗಿದ ಮೇಲೆ ದಾಖಲೆ ಪುಸ್ತಕದಲ್ಲಿ ಸಮಯ ನಮೂದಿಸಿ ‘ಏನೂ ಕೇಳಿಸಲಿಲ್ಲ’ ಎಂದು ಬರೆಯಬೇಕು. ಕೇಳಿಸದಿದ್ದದ್ದನ್ನು ಕೇಳಿಸಲಿಲ್ಲವೆಂದು ಬರೆಯುವುದೂ ಕೆಲಸದ ಭಾಗವಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ಆ ಎರಡು ಪದಗಳನ್ನು ಎಷ್ಟು ಸಾವಿರ ಬಾರಿ ಬರೆದೆನೋ ಲೆಕ್ಕವಿಲ್ಲ.

ನಮ್ಮ ವೃತ್ತಿಗೆ ಅಷ್ಟು ಗೌರವ ಬಂದದ್ದು ಒಂದು ದೊಡ್ಡ ಸಾವಿನಿಂದ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಿಮಬಂಡೆಗೆ ಬಡಿದಾಗ ಹತ್ತಿರದಲ್ಲೇ ಕ್ಯಾಲಿಫೋರ್ನಿಯನ್ ಎಂಬ ಹಡಗು ನಿಂತಿತ್ತು. ಅದರ ಒಬ್ಬನೇ ರೇಡಿಯೊ ನಿರ್ವಾಹಕ ದಿನದ ಕೆಲಸ ಮುಗಿಸಿ, ಉಪಕರಣ ಆರಿಸಿ, ಸ್ವಲ್ಪ ಹೊತ್ತಿನ ಹಿಂದಷ್ಟೇ ಮಲಗಿದ್ದ. ಅವನದೇನೂ ತಪ್ಪಿರಲಿಲ್ಲ, ರಾತ್ರಿಯಿಡೀ ಕಿವಿಗೊಡಬೇಕೆಂಬ ಕಾನೂನೇ ಆಗ ಇರಲಿಲ್ಲ. ಇನ್ನೂ ದೂರದಲ್ಲಿದ್ದ ಕಾರ್ಪೇಥಿಯಾದ ನಿರ್ವಾಹಕ ಅದೃಷ್ಟವಶಾತ್ ಎಚ್ಚರವಿದ್ದುದರಿಂದ ಕರೆ ಕೇಳಿತು, ದೋಣಿಗಳಲ್ಲಿದ್ದ ಏಳು ನೂರಕ್ಕೂ ಹೆಚ್ಚು ಜನ ಉಳಿದರು. ಸತ್ತವರು ಸಾವಿರದ ಐನೂರರ ಆಸುಪಾಸು. ಅದಾದ ಮೇಲೆ 1914ರಲ್ಲಿ ರಾಷ್ಟ್ರಗಳು ಕೂಡಿ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದ ಮಾಡಿಕೊಂಡವು, ರೇಡಿಯೊ ಕಾವಲು ಕಡ್ಡಾಯದತ್ತ ಸಾಗಿತು. ತರಬೇತಿಯಲ್ಲಿ ಈ ಕಥೆಯನ್ನು ಕೇಳಿದ ದಿನ ನನ್ನ ಬದುಕಿಗೊಂದು ಅರ್ಥ ಸಿಕ್ಕಿತು ಅನ್ನಿಸಿತ್ತು. ಆಗ ನನಗೆ 21 ವರ್ಷ. ಕೆಲಸಕ್ಕೆ ಸೇರಿದ್ದು 1979ರಲ್ಲಿ.

ಅದೇ 1979ರಲ್ಲಿ ಹಡಗುಗಳಿಗಾಗಿ ಉಪಗ್ರಹ ಸಂಪರ್ಕ ಒದಗಿಸುವ ಇನ್‌ಮಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ನನ್ನ ವೃತ್ತಿಯ ಮೊದಲ ವರ್ಷವೇ ಅದರ ಅಂತ್ಯದ ಬೀಜವೂ ಬಿದ್ದಿತ್ತು. 1988ರಲ್ಲಿ ಜೀವರಕ್ಷಣೆಯ ಒಪ್ಪಂದಕ್ಕೆ ತಿದ್ದುಪಡಿಯಾಯಿತು. 1992ರ ಫೆಬ್ರುವರಿ 1ರಿಂದ ಹೊಸ ಜಾಗತಿಕ ತುರ್ತು ಸಂಪರ್ಕ ವ್ಯವಸ್ಥೆ ಜಾರಿಗೆ ಬರುತ್ತದೆ, 1999ರ ಫೆಬ್ರುವರಿ 1ರ ಹೊತ್ತಿಗೆ ಒಪ್ಪಂದದ ವ್ಯಾಪ್ತಿಯ ಎಲ್ಲ ಹಡಗುಗಳೂ ಅದಕ್ಕೆ ಬದಲಾಗಬೇಕು, ಆಮೇಲೆ ಮೋರ್ಸ್ ಬಲ್ಲ ಪ್ರತ್ಯೇಕ ಅಧಿಕಾರಿಯ ಅಗತ್ಯವಿಲ್ಲ ಎಂದಾಯಿತು. ಅಂದರೆ ನನಗೆ ಹತ್ತು ವರ್ಷಗಳ ಮುನ್ಸೂಚನೆ ಇತ್ತು. ದಿನಾಂಕ ಸಮೇತ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ‘ಅನಿರೀಕ್ಷಿತ’ ಎಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ನನಗೆ ಬಂದದ್ದು ಅನಿರೀಕ್ಷಿತವಾಗಿರಲಿಲ್ಲ. ನಾನು ನಿರೀಕ್ಷಿಸಲು ಒಪ್ಪಿರಲಿಲ್ಲ.

ಇದನ್ನೆಲ್ಲ ತಿಳಿಸಿದ ಸುತ್ತೋಲೆ ನನ್ನ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ನನ್ನ ಜೊತೆ ತರಬೇತಿ ಪಡೆದವನೊಬ್ಬ ಅದನ್ನು ಓದಿದ ವರ್ಷವೇ ಹಡಗಿನ ವಿದ್ಯುತ್ ಉಪಕರಣಗಳ ಕೆಲಸ ಕಲಿಯಲು ತೊಡಗಿದ. ಕಾವಲು ಮುಗಿದ ಮೇಲೆ ಎಂಜಿನ್ ಕೋಣೆಗೆ ಇಳಿದು, ಎಣ್ಣೆ ಮೆತ್ತಿದ ಕೈಯಲ್ಲೇ ಪುಸ್ತಕ ಹಿಡಿದು ಕೂರುತ್ತಿದ್ದ. ನಾನು ಅವನೊಂದಿಗೆ ಮಾತು ಬಿಟ್ಟೆ. ತಾಯಿ ಕಾಯಿಲೆ ಬಿದ್ದಾಗಲೇ ಆಸ್ತಿ ಪಾಲು ಕೇಳಿದ ಮಗನಂತೆ ಅವನು ನನಗೆ ಕಂಡಿದ್ದ. ಅವನು ಮುಂದೆ ವಿದ್ಯುತ್ ಅಧಿಕಾರಿಯಾಗಿ ಹದಿನೈದು ವರ್ಷ ಹಡಗಿನಲ್ಲಿದ್ದ. ನಾನು ಅವನಿಗೆ ಮಾಡಿದ್ದು ಅನ್ಯಾಯ, ಅದನ್ನು ಅವನ ಮುಖಕ್ಕೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ವೃತ್ತಿ ಬದಲಿಸುವವರನ್ನು ಮೊದಲು ಚುಚ್ಚುವವರು ಹೊರಗಿನವರಲ್ಲ, ಅದೇ ಬೆಂಚಿನಲ್ಲಿ ಪಕ್ಕ ಕುಳಿತವರು.

1997ರ ಜನವರಿ 31ರಂದು ಫ್ರಾನ್ಸಿನ ಸಮುದ್ರದಲ್ಲಿ ಅಪಾಯದ ಕರೆಗಳಿಗೆ ಮೋರ್ಸ್ ಬಳಸುವುದು ನಿಂತಿತು, ಆಗ ಈ ಸಂದೇಶ ಹೊರಟಿತು: ‘ಎಲ್ಲರಿಗೂ ಕರೆ. ಶಾಶ್ವತ ಮೌನಕ್ಕೆ ಮುನ್ನ ಇದು ನಮ್ಮ ಕೊನೆಯ ಕೂಗು.’ ಅದನ್ನು ಕೇಳಿ ತಿಳಿದ ರಾತ್ರಿ ನಾನು ಅತ್ತೆ. 1999ರ ಜನವರಿಯಲ್ಲಿ ನನ್ನ ಕೊನೆಯ ಕಾವಲು ಮುಗಿಯಿತು. ಹೊಸ ಉಪಕರಣಗಳನ್ನು ಚುಕ್ಕಾಣಿ ಕೋಣೆಯಲ್ಲಿ ಆಗಲೇ ಜೋಡಿಸಿದ್ದರು. ಹೊಸ ಪ್ರಮಾಣಪತ್ರ ಪಡೆದ ಡೆಕ್ ಅಧಿಕಾರಿಗಳೇ ಅದನ್ನು ನೋಡಿಕೊಳ್ಳುತ್ತಿದ್ದರು. ನನ್ನ ಕೋಣೆಯಲ್ಲಿ ಹಗ್ಗದ ಸುರುಳಿಗಳನ್ನೂ ಬಣ್ಣದ ಡಬ್ಬಗಳನ್ನೂ ಇಡಲು ಶುರುಮಾಡಿದ್ದರು.

ಆಮೇಲೆ ಮೂರು ವರ್ಷ ನಾನು ಕಾದೆ. ಯಾವುದಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ಉಪಗ್ರಹಗಳು ಕೈಕೊಡುತ್ತವೆ, ಒಂದು ದೊಡ್ಡ ಅಪಘಾತವಾಗುತ್ತದೆ, ಮತ್ತೆ ನಮ್ಮನ್ನು ಕರೆಯುತ್ತಾರೆ ಎಂದು ಎಲ್ಲೋ ಒಳಗೆ ನಂಬಿದ್ದೆ. ಆ ನಂಬಿಕೆಯೊಳಗೆ ಎಂಥ ಕ್ರೂರ ಹಾರೈಕೆ ಇತ್ತೆಂದು ಆಗ ಹೊಳೆಯಲಿಲ್ಲ. ಹಗಲು ಮಲಗುತ್ತಿದ್ದೆ. ರಾತ್ರಿ ಮನೆಯಲ್ಲಿದ್ದ ಹಳೆಯ ರಿಸೀವರ್ ಹಚ್ಚಿ 500 ಕಿಲೊಹರ್ಟ್ಸ್‌ಗೆ ತಿರುಗಿಸಿ ಕೂರುತ್ತಿದ್ದೆ. ಬರೀ ಸುಯ್ಯೆನ್ನುವ ಸದ್ದು. ಕೆಂಪು ತುಂಡಿನ ಗಡಿಯಾರವಿಲ್ಲದಿದ್ದರೂ 15ನೇ ನಿಮಿಷ ಬಂದಾಗ ಮೈ ತಾನಾಗಿ ಬಿಗಿಯುತ್ತಿತ್ತು. ಮನೆಯನ್ನು ನನ್ನ ಹೆಂಡತಿಯ ದುಡಿಮೆ ಹೊತ್ತಿತ್ತು. ಒಂದು ರಾತ್ರಿ ಅವಳು ಬಾಗಿಲಲ್ಲಿ ನಿಂತು, ‘ಯಾರ ಕರೆಗೆ ಕಾಯುತ್ತಿದ್ದೀರಿ?’ ಎಂದು ಕೇಳಿದಳು. ಮಾತಿನಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ನಾನು ಹೆಡ್‌ಫೋನ್ ತೆಗೆಯಲಿಲ್ಲ.

ಆ ಕಾಯುವಿಕೆಯಿಂದ ನನ್ನನ್ನು ಎಬ್ಬಿಸಿದ್ದು ಒಂದು ಹಳೆಯ ನೆನಪು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

1986ರ ಒಂದು ರಾತ್ರಿ, ಎರಡು ಗಂಟೆಯ ಸುಮಾರು. ನಾನು ಮಲಗಿದ್ದೆ. ಕಾವಲಿನ ಅವಧಿ ಮುಗಿದ ಮೇಲೆ ಸ್ವಯಂಚಾಲಿತ ಎಚ್ಚರಿಕೆ ಯಂತ್ರವೊಂದು ನಮ್ಮ ಬದಲಿಗೆ ಕಿವಿಗೊಡುತ್ತಿತ್ತು. ತಲಾ ನಾಲ್ಕು ಸೆಕೆಂಡಿನ ಗೆರೆಗಳು, ನಡುವೆ ಒಂದು ಸೆಕೆಂಡಿನ ಬಿಡುವು, ಹೀಗೆ ಒಂದು ನಿಮಿಷದಲ್ಲಿ ಹನ್ನೆರಡು ಗೆರೆಗಳನ್ನು ಕಳಿಸುವುದು ಅಪಾಯದ ಕರೆಗೆ ಮುನ್ನಿನ ಸಂಕೇತ. ಅದನ್ನು ಗುರುತಿಸಿದರೆ ಯಂತ್ರ ನಮ್ಮ ಮಲಗುವ ಕೋಣೆಯಲ್ಲಿ ಗಂಟೆ ಬಾರಿಸುತ್ತದೆ. ಗಂಟೆ ಬಾರಿಸಿತು. ಬರಿಗಾಲಲ್ಲಿ ಓಡಿ ಹೆಡ್‌ಫೋನ್ ಹಾಕಿಕೊಂಡೆ. ಎಸ್ಒಎಸ್ ಮೂರು ಸಲ. ಹಡಗಿನ ಕರೆಸಂಕೇತ. ಆಮೇಲೆ ಸ್ಥಾನ. ಕೀ ಒತ್ತುತ್ತಿದ್ದವನ ಕೈ ನಡುಗುತ್ತಿರಲಿಲ್ಲ, ಪರೀಕ್ಷೆಯಲ್ಲಿ ಕಳಿಸುವವರಂತೆ ಅಚ್ಚುಕಟ್ಟಾಗಿ ಕಳಿಸುತ್ತಿದ್ದ. ಅಕ್ಷಾಂಶ ಪೂರ್ತಿ ಬಂತು, ಡಿಗ್ರಿ, ನಿಮಿಷ, ಉತ್ತರ. ಆಮೇಲೆ ರೇಖಾಂಶದ ಮೊದಲ ಅಂಕಿ: ಐದು ಉದ್ದ ಗೆರೆಗಳು, ಅಂದರೆ ಸೊನ್ನೆ. ಅಷ್ಟೇ. ಪೆನ್ಸಿಲು ಕಾಗದದ ಮೇಲೆ ಮುಂದಿನ ಅಂಕಿಗೆ ಕಾಯುತ್ತ ನಿಂತಿತ್ತು. ದಿಕ್ಕು ಪತ್ತೆಹಚ್ಚುವ ಉಪಕರಣದತ್ತ ಕೈ ಚಾಚುವಷ್ಟರಲ್ಲಿ ತರಂಗವೇ ಸತ್ತುಹೋಗಿತ್ತು.

ನಾನು ಕರೆದೆ, ಉಳಿದ ಹಡಗುಗಳೂ ಕರೆದವು, ಕರಾವಳಿ ಕೇಂದ್ರ ಎಲ್ಲರನ್ನೂ ಕೇಳಿತು: ರೇಖಾಂಶ ಯಾರಿಗಾದರೂ ಸಿಕ್ಕಿದೆಯೇ? ಯಾರಿಗೂ ಸಿಕ್ಕಿರಲಿಲ್ಲ. ಅಕ್ಷಾಂಶ ಮಾತ್ರ ಗೊತ್ತಿದ್ದರೆ ಹುಡುಕುವವನ ಕೈಯಲ್ಲಿ ಸಮುದ್ರದ ಉದ್ದಕ್ಕೂ ಎಳೆದ ಒಂದು ಗೆರೆ ಇರುತ್ತದೆ, ಆ ಗೆರೆಯ ಮೇಲಿನ ಬಿಂದು ಇರುವುದಿಲ್ಲ. ನಮ್ಮ ಕ್ಯಾಪ್ಟನ್ ದಾರಿ ತಿರುಗಿಸಿದರು, ಬೆಳಗಾಗುವವರೆಗೂ ಹುಡುಕಿದೆವು. ಆಮೇಲೆ ಏನಾಯಿತೆಂದು ನನಗೆ ತಿಳಿಯಲೇ ಇಲ್ಲ. 15ನೇ ನಿಮಿಷದ ಮೌನದ ನಂತರ ದಾಖಲೆ ಪುಸ್ತಕದಲ್ಲಿ ‘ಏನೂ ಕೇಳಿಸಲಿಲ್ಲ’ ಎಂದು ಬರೆಯುವಾಗ ಕೈ ಬರಲಿಲ್ಲ. ಆದರೂ ಬರೆದೆ.

ಮೂರನೇ ವರ್ಷದ ಒಂದು ರಾತ್ರಿ ಆ ಸುಯ್ ಸದ್ದಿನ ಮುಂದೆ ಕುಳಿತಾಗ ಆ ಸೊನ್ನೆ ನೆನಪಾಯಿತು. ನನ್ನ ಕೆಲಸವನ್ನು ಕಿತ್ತುಕೊಂಡ ಹೊಸ ವ್ಯವಸ್ಥೆಯಲ್ಲಿ ತೇಲುವ ಒಂದು ಪುಟ್ಟ ಸಂಕೇತಯಂತ್ರವಿದೆ. ಹಡಗು ಮುಳುಗಿದರೆ ನೀರಿನ ಒತ್ತಡಕ್ಕೆ ಅದರ ಬಿಗಿತ ತಾನಾಗಿ ಬಿಡಿಸಿಕೊಂಡು ಮೇಲೆ ಬರುತ್ತದೆ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹವನ್ನು ಕರೆಯುತ್ತದೆ. ಆ ಸಂಕೇತದಿಂದಲೇ ಹಡಗು ಎಲ್ಲಿತ್ತೆಂದು ಪತ್ತೆಯಾಗುತ್ತದೆ. ಯಾರೂ ಕೀ ಒತ್ತುತ್ತ ಕುಳಿತಿರಬೇಕಾಗಿಲ್ಲ. ಆ ರಾತ್ರಿ ಆ ಹಡಗಿನಲ್ಲಿ ಅದಿದ್ದಿದ್ದರೆ ರೇಖಾಂಶ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ, ಆ ಅಚ್ಚುಕಟ್ಟಾದ ಕೈಯವನು ಕೊನೆಯ ಕ್ಷಣದವರೆಗೆ ಕೋಣೆಯೊಳಗೆ ಉಳಿಯಬೇಕಾಗುತ್ತಿರಲಿಲ್ಲ. ಮೂರು ವರ್ಷ ನಾನು ಶಪಿಸಿದ್ದು ಅವನನ್ನು ಉಳಿಸಬಹುದಾಗಿದ್ದ ವಸ್ತುವನ್ನು. ರಿಸೀವರ್ ಆರಿಸಿದೆ. ದುಃಖ ಹೋಗಲಿಲ್ಲ. ಕಾಯುವುದು ನಿಂತಿತು. ಇವೆರಡೂ ಬೇರೆ ಬೇರೆ ಎಂದು ನನಗೆ ತಿಳಿದದ್ದೇ ಆ ರಾತ್ರಿ.

ಎಲ್ಲ ಬದಲಾವಣೆಗೂ ಇಂಥ ಸಮರ್ಥನೆ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಉದ್ಯೋಗಗಳು ಬರೀ ಲಾಭದ ಲೆಕ್ಕಕ್ಕೆ ಬಲಿಯಾಗುತ್ತವೆ, ಅವಕ್ಕೆ ಪ್ರತಿಭಟಿಸಲೇಬೇಕು. ಹೋರಾಡುವವನು ಏನನ್ನೋ ಮಾಡುತ್ತಿರುತ್ತಾನೆ. ನಾನು ಏನನ್ನೂ ಮಾಡದೆ ಕುಳಿತಿದ್ದೆ.

ಮುಂದಿನದು ಯೋಜನೆ ಹಾಕಿ ಆದದ್ದಲ್ಲ. 2002ರಲ್ಲಿ ನನ್ನ ತಾಯಿಯ ಕಿವಿ ಮಂದವಾಗಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷಿಸಿದವರು ಅವಸರದಲ್ಲಿದ್ದರು. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದು ಒಮ್ಮೆ ಹೇಳಿ ಶುರುಮಾಡಿದರು. ಅಮ್ಮ ಹೆದರಿ, ಸದ್ದಿಲ್ಲದಾಗಲೂ ಒತ್ತಿದರು. ಹಾಳೆಯ ಮೇಲೆ ‘ಸಹಕರಿಸುತ್ತಿಲ್ಲ’ ಎಂದು ಬರೆದದ್ದು ನನ್ನ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಕೇಳಿದ್ದನ್ನೂ ಕೇಳದ್ದನ್ನೂ ಇದ್ದಂತೆ ಬರೆದವನಿಗೆ ಅದನ್ನು ಸಹಿಸಲಾಗಲಿಲ್ಲ. ಇನ್ನೊಮ್ಮೆ ಮಾಡಿ ಎಂದು ಬೇಡಿಕೊಂಡೆ. ಅಮ್ಮನ ಎದುರು ಮಂಡಿಯೂರಿ ಕುಳಿತು, ‘ಅವಸರವಿಲ್ಲ, ಸದ್ದು ಬರದಿದ್ದರೆ ಬರದೆಯೇ ಇರಲಿ, ಸುಮ್ಮನೆ ಕೂತಿರಿ’ ಎಂದು ಅವರ ಮುಖ ನೋಡುತ್ತಲೇ ನಿಧಾನವಾಗಿ ಹೇಳಿದೆ. ಈ ಸಲ ಪರೀಕ್ಷೆ ಸರಿಯಾಗಿ ಬಂತು. ಅಲ್ಲಿದ್ದ ಹಿರಿಯ ವೈದ್ಯರೊಬ್ಬರು ಹೊರಗೆ ಬಂದು, ನೀವು ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ‘ಕೇಳುವ ಕೆಲಸ ಮಾಡುತ್ತಿದ್ದೆ’ ಎಂದು ಬಾಯಿಗೆ ಬಂದಂತೆ ಹೇಳಿಬಿಟ್ಟೆ. ಶ್ರವಣ ಪರೀಕ್ಷೆಯ ತರಬೇತಿ ಇದೆ, ಸೇರಿ ಎಂದವರು ಅವರೇ.

ಸೇರಿದೆ. ನನಗೆ 45. ತರಗತಿಯಲ್ಲಿ ಉಳಿದವರು ಇಪ್ಪತ್ತರ ಆಚೀಚೆ. ಕಲಿಸುತ್ತಿದ್ದಾಕೆ ನನಗಿಂತ ಹದಿನಾರು ವರ್ಷ ಚಿಕ್ಕವರು. ಬೆಳಗ್ಗೆ ಹಾಜರಿ ಕೂಗುವಾಗ ಎದ್ದು ನಿಂತು ‘ಇದ್ದೇನೆ’ ಎನ್ನಬೇಕಿತ್ತು. ಆ ಮೊದಲ ತಿಂಗಳ ನೋವನ್ನು ಯಾವ ಸಲಹಾ ಅಂಕಣವೂ ಬರೆಯುವುದಿಲ್ಲ. ಒಂದು ಕೆಲಸದಲ್ಲಿ ನಿಷ್ಣಾತನಾಗಿದ್ದವನಿಗೆ ಮತ್ತೆ ಏನೂ ಬಾರದವನಾಗುವುದು ಬಡತನಕ್ಕಿಂತ ಕಷ್ಟ. ಒಮ್ಮೆ ಹೆಡ್‌ಫೋನನ್ನೇ ತಿರುವುಮುರುವಾಗಿ ಹಾಕಿದೆ. ಕೆಂಪು ಬಲಕ್ಕೆ, ನೀಲಿ ಎಡಕ್ಕೆ ಎಂಬುದು ಅಲ್ಲಿಯ ಮೊದಲ ಪಾಠ. ಆ ರೋಗಿಯ ಎಡಗಿವಿಯ ದೋಷವನ್ನು ಬಲಗಿವಿಯ ಲೆಕ್ಕಕ್ಕೆ ಬರೆದಿದ್ದೆ. ಹದಿನೆಂಟು ವರ್ಷದ ಸಹಪಾಠಿಯೊಬ್ಬಳು ಯಾರಿಗೂ ಕೇಳಿಸದಂತೆ ಬಂದು ತಿಳಿಸಿದಳು. ಆ ಹುಡುಗಿಯ ಸೂಕ್ಷ್ಮವನ್ನು ನಾನು ಮರೆತಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಆಳವಾದದ್ದು. ಹಳೆಯ ಕೌಶಲ ಹೊಸ ಕೆಲಸಕ್ಕೆ ಬಂದೇ ಬರುತ್ತದೆ ಎಂದು ಸಲಹೆಗಾರರು ಧೈರ್ಯ ತುಂಬುತ್ತಾರೆ. ನನ್ನ ಅನುಭವ ಬೇರೆ. ಶ್ರವಣ ಪರೀಕ್ಷೆಯಲ್ಲಿ ಸಾವಿರ ಹರ್ಟ್ಸ್‌ನ ಸದ್ದಿನಿಂದ ಶುರುಮಾಡುತ್ತೇವೆ. ಕೇಳಿಸಿದರೆ ಹತ್ತು ಡೆಸಿಬೆಲ್ ಇಳಿಸುವುದು, ಕೇಳಿಸದಿದ್ದರೆ ಐದು ಏರಿಸುವುದು, ಹೀಗೆ ಇಳಿದೇರಿ ಒಬ್ಬನಿಗೆ ಕೇಳಿಸುವ ಅತ್ಯಂತ ಕ್ಷೀಣ ಸದ್ದನ್ನು ಹುಡುಕುವುದು. ನಾನು ಸದ್ದು ಕೊಡುವಾಗ ನನ್ನ ಬೆರಳಿಗೆ ಮೋರ್ಸಿನ ಲಯ ಬಂದುಬಿಡುತ್ತಿತ್ತು. ಸಮ ಅಂತರ, ಸಮ ಬಿಡುವು. ಎರಡು ವಾರ ನೋಡಿದ ಮೇಲೆ ಶಿಕ್ಷಕಿ ನನ್ನ ಕೈ ಹಿಡಿದು ನಿಲ್ಲಿಸಿದರು. ‘ನಿಮ್ಮ ಕೈ ತಾಳ ಹಾಕುತ್ತದೆ. ಒಳಗೆ ಕುಳಿತವರು ಸದ್ದಿಗಲ್ಲ, ತಾಳಕ್ಕೆ ಗುಂಡಿ ಒತ್ತುತ್ತಾರೆ’ ಎಂದರು. ನಿಜವಾಗಿತ್ತು. ಇಪ್ಪತ್ತು ವರ್ಷ ನನಗೆ ಅನ್ನ ಕೊಟ್ಟ ಲಯವೇ ಇಲ್ಲಿ ಸುಳ್ಳು ಫಲಿತಾಂಶ ಕೊಡುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ಆರು ತಿಂಗಳು ಬೇಕಾಯಿತು. ಮನೆಯಲ್ಲಿ ಮೇಜಿನ ಮೇಲೆ ಬೆರಳು ತಟ್ಟುತ್ತ, ಬೇಕೆಂದೇ ತಾಳ ತಪ್ಪಿಸುವುದನ್ನು ಅಭ್ಯಾಸ ಮಾಡಿದೆ. ನನ್ನ ಕೈಯ ಗುರುತು ಅಳಿಯುತ್ತಿದೆ ಎಂಬ ಸಂಕಟದಲ್ಲೇ ಮಾಡಿದೆ.

ಹಾಗಾದರೆ ಜೊತೆಗೆ ಬಂದದ್ದು ಏನು? ಯಾವ ಪ್ರಮಾಣಪತ್ರದಲ್ಲೂ ನಮೂದಾಗದ್ದು: ಆ ಮೂರು ನಿಮಿಷಗಳ ಮೌನ. ಗಾಜಿನಾಚೆ ಕುಳಿತವರು ಉತ್ತರಿಸದೆ ಇರುವಾಗ ಕಾಯಲು ನನಗೆ ಬರುತ್ತದೆ. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು, ಮಗ್ಗದ ಸದ್ದಿನಲ್ಲಿ ಬಾಳು ಕಳೆದವರು ಬಂದರೆ 4,000 ಹರ್ಟ್ಸ್‌ನ ಹತ್ತಿರ ರೇಖೆ ಕೆಳಗೆ ಕುಸಿದಿರುತ್ತದೆ, ಸತತ ಗದ್ದಲ ಮೊದಲು ಕಚ್ಚುವುದು ಅಲ್ಲಿಗೇ. ಆ ಕುಸಿತದ ತಳ ತಲುಪುವಾಗ ಅವರ ಮುಖದಲ್ಲೊಂದು ನಾಚಿಕೆ ಮೂಡುತ್ತದೆ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ. ಆಗ ಅವಸರಿಸಬಾರದು. ಕೇಳಿಸಲಿಲ್ಲವೆಂದರೆ ಕೇಳಿಸಲಿಲ್ಲವೆಂದೇ ಬರೆಯಬೇಕು, ಅವರಿಗೆ ಸಮಾಧಾನವಾಗಲೆಂದು ಒಂದು ಗುರುತನ್ನೂ ಮೇಲೆ ಸರಿಸಬಾರದು. ಇದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಶ್ರವಣದೋಷಕ್ಕೆ ನೆರವು ಬೇಕಾದವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ನಾನು ಕೆಲವು ಸಾವಿರ ಜನರ ಮುಂದೆ ಕುಳಿತಿದ್ದೇನೆ. ಈಗ 67 ದಾಟಿದ್ದರೂ ವಾರಕ್ಕೆ ಮೂರು ದಿನ ಹೋಗುತ್ತೇನೆ. ಗಳಿಕೆ ಹಡಗಿನ ದಿನಗಳ ಮೂರನೇ ಒಂದು ಭಾಗವನ್ನೂ ಎಂದೂ ಮುಟ್ಟಲಿಲ್ಲ. ಇದನ್ನೂ ಮುಚ್ಚಿಡುವುದು ಸರಿಯಲ್ಲ.

ತರಬೇತಿಯ ದಿನಗಳಲ್ಲಿ, ನನ್ನ ಇಡೀ ಯೌವನ ಯಾರ ಹೆಸರಿನ ಸಂಕೇತದಲ್ಲಿ ಕಳೆಯಿತೋ ಅವನ ಬದುಕಿನ ಬಗ್ಗೆ ಮೊದಲ ಬಾರಿ ಓದಿದೆ. ಸ್ಯಾಮ್ಯುಯಲ್ ಮೋರ್ಸ್ ಮೂಲತಃ ಚಿತ್ರಕಾರ. ಹಡಗಿನಲ್ಲಿದ್ದಷ್ಟು ದಿನ ಇದು ನನಗೆ ಗೊತ್ತೇ ಇರಲಿಲ್ಲ. 1825ರಲ್ಲಿ ವಾಷಿಂಗ್ಟನ್‌ನಲ್ಲಿ ಫ್ರಾನ್ಸಿನ ಸೇನಾನಿ ಲಫಾಯೆಟ್‌ನ ಭಾವಚಿತ್ರ ಬರೆಯುತ್ತಿದ್ದಾಗ ದೂರದಲ್ಲಿದ್ದ ಹೆಂಡತಿ ತೀರಿಕೊಂಡಳು. ಸುದ್ದಿ ಕಾಗದದಲ್ಲಿ ಬಂದು, ಅವನು ಊರು ಮುಟ್ಟುವಷ್ಟರಲ್ಲಿ ಅವಳ ಸಮಾಧಿಯೇ ಆಗಿಹೋಗಿತ್ತು. 1832ರಲ್ಲಿ ಹಡಗಿನ ಪ್ರಯಾಣವೊಂದರಲ್ಲಿ ವಿದ್ಯುತ್ಕಾಂತದ ಕುರಿತ ಹರಟೆಯಿಂದ ತಂತಿಯಲ್ಲಿ ಸಂದೇಶ ಕಳಿಸುವ ಯೋಚನೆ ಹೊಳೆಯಿತು. 1837ರಲ್ಲಿ ಅಮೆರಿಕದ ಸಂಸತ್ ಭವನಕ್ಕೆ ದೊಡ್ಡ ಚಿತ್ರ ಬರೆಯುವ ಅವಕಾಶ ಕೈತಪ್ಪಿತು, ಕುಂಚ ಬಹುತೇಕ ಅಲ್ಲಿಗೇ ನಿಂತಿತು. ಆ ಕಾಲದಲ್ಲಿ ಅವನು ಕಟ್ಟಿದ ಮೊದಲ ಉಪಕರಣಕ್ಕೆ ಚೌಕಟ್ಟಾಗಿ ಬಳಸಿದ್ದು ಚಿತ್ರದ ಬಟ್ಟೆಯನ್ನು ಎಳೆದು ಬಿಗಿಯುವ ಮರದ ಚೌಕಟ್ಟನ್ನೇ. 1844ರ ಮೇ 24ರಂದು ಅವನ ತಂತಿಯಲ್ಲಿ ಸಂದೇಶ ಹರಿದುಬಂತು, ಜಗತ್ತು ಅವನನ್ನು ಹೊಗಳಿತು. ಆದರೆ ಐದು ವರ್ಷಗಳ ನಂತರ, ಕೀರ್ತಿಯ ನಡುವೆಯೇ, ಚಿತ್ರಕಲೆಯನ್ನು ನಾನು ತೊರೆಯಲಿಲ್ಲ, ಅವಳೇ ನನ್ನನ್ನು ತೊರೆದಳು ಎಂಬ ಅರ್ಥದಲ್ಲಿ ಗೆಳೆಯನಿಗೆ ಬರೆದ. ಆ ಮರದ ಚೌಕಟ್ಟಿನ ಚಿತ್ರವನ್ನು ಪುಸ್ತಕದಲ್ಲಿ ಬಹಳ ಹೊತ್ತು ನೋಡಿದೆ. ಅಷ್ಟು ದೊಡ್ಡ ಗೆಲುವೂ ಆ ನೋವನ್ನು ಅಳಿಸಿರಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಹೊಸದನ್ನು ಒಪ್ಪಿಯೂ ಹಳೆಯದಕ್ಕೆ ಅಳಬಹುದು.

ಆದ್ದರಿಂದ ‘ಅಪ್ಪಿಕೊಳ್ಳಿ’ ಎಂಬ ಮಾತಿಗೆ ನನ್ನ ತಕರಾರಿದೆ. ನಲವತ್ತು ದಾಟಿದವನಿಗೆ ಆ ಮಾತು ಹೇಳುವವರು, ಅವನು ಅಪ್ಪಿಕೊಳ್ಳಲು ಹೋದಾಗ ಎದುರಾಗುವ ಬೇಲಿಗಳ ಬಗ್ಗೆಯೂ ಬರೆಯಬೇಕು. ಎಷ್ಟೋ ತರಬೇತಿಗಳಿಗೆ ವಯೋಮಿತಿ ಇದೆ. ನಾನು ಸೇರಿದ ತರಗತಿಗೆ ಅದಿರಲಿಲ್ಲ, ಅದೊಂದೇ ನನ್ನ ಭಾಗ್ಯ. ಕೆಲಸಕ್ಕೆ ಅರ್ಜಿ ಹಾಕಿದರೆ ನಡುವಿನ ಖಾಲಿ ವರ್ಷಗಳನ್ನು ಅಪರಾಧದಂತೆ ಎಣಿಸುತ್ತಾರೆ. ದುಡಿಯುವವರಿಗೆ ಕಲಿಯಲು ಸಂಬಳ ಸಹಿತ ರಜೆ ಸಿಗಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲೇ ಒಂದು ಒಡಂಬಡಿಕೆ ರೂಪಿಸಿತು. ನನ್ನ ಹತ್ತು ವರ್ಷಗಳ ಮುನ್ಸೂಚನೆಯಲ್ಲಿ ಅಂಥದೊಂದು ರಜೆ ಸಿಕ್ಕಿದ್ದರೆ ಆ ಸುತ್ತೋಲೆಯನ್ನು ಖಾನೆಗೆ ತಳ್ಳುತ್ತಿರಲಿಲ್ಲವೇನೋ. ನಿಮ್ಮ ಪತ್ರಿಕೆ ಈ ಪ್ರಶ್ನೆಗಳನ್ನು ಎತ್ತಬೇಕೆಂದು ಕೋರುತ್ತೇನೆ. ವೃತ್ತಿ ಪುಟದಲ್ಲಿ ಸಾಧಕರ ಸಂದರ್ಶನಗಳ ಜೊತೆಗೆ, ಮಧ್ಯವಯಸ್ಸಿನಲ್ಲಿ ಮತ್ತೆ ಹಾಜರಿಗೆ ಎದ್ದು ನಿಂತವರಿಗೂ ಜಾಗ ಕೊಡಿ. ಗೆದ್ದವರನ್ನೇ ಹುಡುಕಬೇಡಿ, ನಡುದಾರಿಯಲ್ಲಿರುವವರ ಮಾತೂ ಬರಲಿ.

ಇನ್ನು ಆ ಅನುವಾದಕಿಗೆ. ತಾಯಿ, ನೀವು ಕಲಿತದ್ದು ತಪ್ಪಾಗಲಿಲ್ಲ. ಹನ್ನೊಂದು ವರ್ಷ ನಿಮ್ಮ ಅನುವಾದವನ್ನು ಓದಿದವರಿಗೆ ಅದು ತಲುಪಿದೆ, ಯಾವ ಯಂತ್ರವೂ ಹಿಂದಕ್ಕೆ ಹೋಗಿ ಅದನ್ನು ಅಳಿಸಲಾರದು. ಅಳಬೇಕೆನಿಸಿದರೆ ಅಳಿ, ಬೇಗ ಮುಗಿಸಿ ಎಂದು ಹೇಳುವವರ ಮಾತು ಕೇಳಬೇಡಿ. ಆದರೆ ನಿಮ್ಮ ಹಳೆಯ ತರಂಗಕ್ಕೆ ರಿಸೀವರ್ ತಿರುಗಿಸಿ ರಾತ್ರಿಗಳನ್ನು ಕಳೆಯಬೇಡಿ. ಮುಂದೆ ಯಾವ ಕೆಲಸ ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು. ನಿಮ್ಮ ಜೊತೆ ಬರುವುದು ನಿಮ್ಮ ಶಬ್ದಸಂಪತ್ತು ಆಗಿರದೇ ಇರಬಹುದು. ಎರಡು ಭಾಷೆಗಳ ನಡುವೆ ನಿಂತು, ಸರಿಯಾದ ಪದ ಸಿಗುವವರೆಗೆ ತಪ್ಪು ಪದವನ್ನು ಒಪ್ಪದೆ ಕೂರುವ ನಿಮ್ಮ ಹಟ ಆಗಿರಬಹುದು. ಅದಕ್ಕೆ ಎಲ್ಲಿ ಬೆಲೆ ಇದೆಯೋ ಹುಡುಕಿ. ಸಿಕ್ಕ ಜಾಗದಲ್ಲಿ ನಿಮ್ಮ ಕೈ ತಾಳ ಹಾಕುತ್ತದೆ ಎಂದು ಚಿಕ್ಕವರು ಯಾರಾದರೂ ಹೇಳಿದರೆ ಅವರನ್ನು ನಂಬಿ. ಪಕ್ಕದ ಬೆಂಚಿನವರು ನಿಮ್ಮೊಂದಿಗೆ ಮಾತು ಬಿಟ್ಟರೆ ಅವರ ಮೇಲೆ ಸಿಟ್ಟಾಗಬೇಡಿ, ಅವರು ಹೆದರಿದ್ದಾರೆ.

ಸಂಪಾದಕರೇ, ಅವರಿಗೆ ಮಾತನಾಡಬೇಕೆನಿಸಿದರೆ ನನ್ನ ವಿಳಾಸ ಮತ್ತು ಫೋನ್ ಸಂಖ್ಯೆಯನ್ನು ನಿಮ್ಮ ಕಚೇರಿಯಿಂದ ಕೊಡಲು ನನ್ನ ಒಪ್ಪಿಗೆಯಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಹೊತ್ತು ಪರೀಕ್ಷಾ ಕೊಠಡಿಯಲ್ಲಿರುತ್ತೇನೆ, ಆಗ ಫೋನ್ ಆರಿಸಿರುತ್ತೇನೆ. ಹೊರಗೆ ಬಂದ ಕೂಡಲೇ ಯಾರ ಕರೆ ಬಂದಿತ್ತೆಂದು ನೋಡಿ ನಾನೇ ಕರೆ ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಡಗಿನ ಮಾಜಿ ರೇಡಿಯೊ ಅಧಿಕಾರಿ